ಉಸ್ತಾದರ ಮೂವತ್ತೊಂದು ಅರ್ಜಿಗಳು

ಕಳೆದ ವಾರ ಮಗಳು ಶಾಲೆಯ ಪ್ರಾಜೆಕ್ಟ್ ಮಾಡುತ್ತ ಕೂತಿದ್ದಳು. ಚಾರ್ಟಿನ ಮೇಲೆ ಏನೋ ತಪ್ಪು ಬರೆದಳೆಂದು ಕೆಳಗಿನ ಗ್ರಾಸರಿಯಿಂದ ವೈಟ್ನರ್ ತಂದು ಮುಚ್ಚಳ ತೆಗೆದಳು. ಆ ವಾಸನೆ ಅಡುಗೆಮನೆಗೆ ಬಂದು ಮೂಗಿಗೆ ಬಡಿದದ್ದೇ ತಡ, ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಮುಚ್ಚು ಅದನ್ನು! ತಪ್ಪಾದ್ರೆ ಒಂದು ಗೀಟು ಎಳೆದು ಪಕ್ಕದಲ್ಲಿ ಸರಿ ಬರಿ. ಬಿಳಿ ಬಳಿಯುವ ಕೆಲಸ ಈ ಮನೆಯಲ್ಲಿ ಬೇಡ." ಮಗಳು ಕಣ್ಣರಳಿಸಿ, "ಎಂತ ಅಮ್ಮಾ, ಜಸ್ಟ್ ವೈಟ್ನರ್ ಅಲ್ವಾ?" ಎಂದಳು. ಅವಳು ಹೇಳಿದ್ದೂ ಸರಿಯೇ. ಆದರೆ ನನ್ನ ಬಾಯಿಂದ ಬಂದ ಮಾತು ನನ್ನದಾಗಿರಲಿಲ್ಲ, ಉಸ್ತಾದರದ್ದಾಗಿತ್ತು. ಅವರು ದೋಹಾ ಬಿಟ್ಟು ಹೋಗಿ ಆರು ವರ್ಷವಾಯಿತು...

ಉಸ್ತಾದ್ ಎಂದರೆ ಮೇಷ್ಟ್ರು. ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೇಜಿನವರು. ಟೈಪಿಂಗ್ ಸೆಂಟರ್ ಎಂದರೆ ಊರಿನವರಿಗೆ ಅರ್ಥವಾಗುವುದಿಲ್ಲ. ತಾಲೂಕು ಆಫೀಸಿನ ಎದುರು ಅರ್ಜಿ ಬರೆದುಕೊಡುವವರು ಕೂರುತ್ತಾರಲ್ಲ, ಅದೇ ಕೆಲಸ, ಇಲ್ಲಿ ಏಸಿ ಉಂಟು ಅಷ್ಟೇ. ವೀಸಾ, ಐಡಿ, ಹೆಂಡತಿಯನ್ನು ಕರೆಸುವುದು, ಕಂಪನಿ ಬದಲಿಸುವುದು, ಎಲ್ಲದಕ್ಕೂ ಅರ್ಜಿ. ಈಗ ಅರ್ಧಕ್ಕರ್ಧ ಮೊಬೈಲಿನಲ್ಲೇ ಆಗುತ್ತದೆ, ಆಗ ಹಾಗಿರಲಿಲ್ಲ. ಇಂಗ್ಲಿಷ್ ಭಾಗ ಟೈಪು ಮಾಡಿ ಫೈಲು ಜೋಡಿಸುವವಳು ನಾನು, ಅರೇಬಿಕ್ ಭಾಗ ಉಸ್ತಾದರದ್ದು. ಅರವತ್ತರ ಹತ್ತಿರದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಅವರದು ಅರ್ಧ ಇಂಗ್ಲಿಷ್, ಅರ್ಧ ಅರೇಬಿಕ್, ಸಾಲದಿದ್ದರೆ ಕೈಸನ್ನೆ. ಸುರತ್ಕಲ್ಲಿನ ಹತ್ತಿರ ಹುಟ್ಟಿದ ನನಗೆ ಇಷ್ಟು ವರ್ಷದಲ್ಲಿ ಅರೇಬಿಕ್ ಕಿವಿಗೆ ಹತ್ತಿದೆ, ಓದಲು ಮಾತ್ರ ಒಂದಕ್ಷರ ಬಾರದು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ ಘನಕಾರ್ಯಕ್ಕೆ ಅದೇ ಕಾರಣ.

ಅರ್ಜಿಯಲ್ಲಿ ತಪ್ಪಾದರೆ ನಾನು ವೈಟ್ನರ್ ತೆಗೆಯುತ್ತಿದ್ದೆ. ಉಸ್ತಾದ್ ಬಾಟಲಿ ಕಿತ್ತುಕೊಂಡು ಕಸದಬುಟ್ಟಿಗೆ ಹಾಕುತ್ತಿದ್ದರು. ಮೂರನೆಯ ಬಾಟಲಿ ಹೋದಾಗ ನನಗೆ ರೇಗಿತು. "ನಿಮ್ಮಪ್ಪನ ಮನೆಯದ್ದಾ ಇದು?" ಎಂದು ಕನ್ನಡದಲ್ಲೇ ಬೈದೆ. ಅರ್ಥವಾಗದಿದ್ದರೂ ಬೈಗುಳವೆಂದು ತಿಳಿಯಿತು. ಅವತ್ತು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಮ್ಮ ಕಥೆ ಹೇಳಿದರು.

ಸಿರಿಯಾದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯ ಒಂದು ಊರಲ್ಲಿ ಅವರು ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದವರು. ಜಗಳ ಶುರುವಾದ ಮೇಲೆ ಊರಿಗೆ ಮೊದಲು ಒಂದು ಬಣದವರು ಬಂದೂಕು ಹಿಡಿದು ಬಂದರು, ಅವರನ್ನು ಓಡಿಸಿ ಇನ್ನೊಂದು ಬಣ, ಕೊನೆಗೆ ಕಪ್ಪು ಬಾವುಟದವರು. ಆ ಕಪ್ಪು ಬಾವುಟದವರು ಶಾಲೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ವೈಟ್ನರ್ ತಂದಿಟ್ಟರಂತೆ. ಪುಸ್ತಕದಲ್ಲಿ, ನಕಾಶೆಯಲ್ಲಿ, ಎಲ್ಲೆಲ್ಲಿ ದೇಶದ ಹೆಸರಿದೆಯೋ ಅಲ್ಲೆಲ್ಲ ಬಿಳಿ ಬಳಿಯಬೇಕು, ಇನ್ನು ಆ ದೇಶ ಇಲ್ಲ ಎಂದು ಹುಕುಂ. ಉಸ್ತಾದ್ ಸುಳ್ಳು ಹೇಳಲಿಲ್ಲ. "ಮೂರು ದಿನ ನಾನೂ ಬಳಿದೆ ಸಿಸ್ಟರ್. ಹೆದರಿಕೆ ಇತ್ತು. ನಾಲ್ಕನೆಯ ದಿನ ಮಕ್ಕಳು ಕೇಳಿದರು, ಉಸ್ತಾದ್, ನಮ್ಮ ನದಿ ಈಗ ಯಾವ ದೇಶದಲ್ಲಿ ಹರಿಯುತ್ತದೆ ಅಂತ." ಅವರು ಬೋರ್ಡಿನ ಮೇಲೆ ದೇಶದ ಹೆಸರನ್ನು ದೊಡ್ಡದಾಗಿ ಬರೆದು, ಚಾಕ್ ಕೆಳಗಿಟ್ಟು, ಹಿಂಬಾಗಿಲಿನಿಂದ ಹೊರಟವರು ಮತ್ತೆ ಆ ಶಾಲೆಗೆ ಕಾಲಿಡಲಿಲ್ಲ. ಸಂಜೆಯೊಳಗೆ ಊರು ಬಿಟ್ಟರು. ಎಲ್ಲೆಲ್ಲೋ ಸುತ್ತಿ, ಹಳೆಯ ಶಿಷ್ಯನೊಬ್ಬ ಕೊಡಿಸಿದ ವೀಸಾದಲ್ಲಿ ದೋಹಾಕ್ಕೆ ಬಂದು ಟೈಪಿಸ್ಟ್ ಆದರು.

ಒಬ್ಬಳೇ ಮಗಳು ಊರಲ್ಲೇ ಉಳಿದಳು. ಎಂಟು ತಿಂಗಳ ಬಸುರಿ. ಅಳಿಯನದು ಆ ಕೇರಿಗೆ ಇದ್ದ ಒಂದೇ ಔಷಧದ ಅಂಗಡಿ. ಹೆರಿಗೆಯಾದ ಮೇಲೆ ಬರುತ್ತೇವೆ ಎಂದಿದ್ದರು. ಹೆರಿಗೆಯಾಗುವಷ್ಟರಲ್ಲಿ ದಾರಿಗಳೆಲ್ಲ ಮುಚ್ಚಿಹೋದವು. ಮುಂದೆ ಕಪ್ಪು ಬಾವುಟದವರನ್ನು ಹೊಡೆಯಲು ಹೊರದೇಶಗಳ ವಿಮಾನಗಳು ಬಂದವು. ಒಂದು ಬೆಳಿಗ್ಗೆ ಔಷಧದ ಅಂಗಡಿ, ಮೇಲಿನ ಮನೆ, ಮಗಳು, ಅಳಿಯ, ಎಲ್ಲ ಹೋಯಿತು. ಮೊಮ್ಮಗಳು ಮಾತ್ರ ಉಳಿದಳು. ಆ ಬೆಳಿಗ್ಗೆ ಅವಳು ಹೆರಿಗೆ ಮಾಡಿಸಿದ ಸೂಲಗಿತ್ತಿಯ ಮನೆಯಲ್ಲಿದ್ದಳು. ಆ ಸೂಲಗಿತ್ತಿಯೇ ಮಗುವನ್ನು ಎತ್ತಿಕೊಂಡು ನಿರಾಶ್ರಿತರ ಶಿಬಿರ ಸೇರಿದ್ದಳು.

"ಯಾರ ವಿಮಾನ ಉಸ್ತಾದ್?" ಎಂದು ನಾನು ಕೇಳಿದ್ದೆ. ಕೇಳಬಾರದಿತ್ತೇನೋ. ಅವರು ಬೆರಳು ಮಡಚುತ್ತ ಹೋದರು. ಎಷ್ಟೆಷ್ಟು ದೇಶಗಳ ವಿಮಾನ ತಮ್ಮ ಊರ ಮೇಲೆ ಹಾರಿವೆಯೋ ಅಷ್ಟೂ ದೇಶಗಳ ರಾಜಧಾನಿ, ನದಿ, ಬೆಳೆ ಎಲ್ಲವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ಅವರು. "ಇವರಲ್ಲಿ ಯಾರೋ ಒಬ್ಬರು. ನಾವು ಒಂದು ಅರ್ಜಿಗೆ ನಾಲ್ಕು ಸಹಿ ಕೇಳ್ತೇವೆ. ಬಾಂಬಿಗೆ ಯಾರೂ ಸಹಿ ಹಾಕುವುದಿಲ್ಲ ಸಿಸ್ಟರ್." ದೋಹಾದ ಆಕಾಶದಲ್ಲಿ ಹೋಗುವ ವಿಮಾನಗಳಲ್ಲಿ ಪ್ರಯಾಣಿಕರದ್ದು ಯಾವುದು, ಅಲ್ಲದ್ದು ಯಾವುದು ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಅಲ್ಲದ್ದು ಹಾದುಹೋಗುವಾಗ ಅವರ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು. ಯಾವ ದೇಶದಲ್ಲಿ ಕೂತು ಯಾರ ಹೆಸರು ಎತ್ತಬೇಕು, ಯಾರದು ಎತ್ತಬಾರದು ಎಂಬುದು ನನಗೂ ಗೊತ್ತು, ಹೊಟ್ಟೆಪಾಡು. ಸುಮ್ಮನೆ ನನ್ನ ಪರದೆ ನೋಡುತ್ತಿದ್ದೆ.

ಅವರಿಗೆ ಬೇಕಾಗಿದ್ದದ್ದು ಒಂದೇ. ಮೂರು ವರ್ಷದ ಆ ಮೊಮ್ಮಗಳನ್ನು ದೋಹಾಕ್ಕೆ ಕರೆಸಿಕೊಳ್ಳಬೇಕು. ಆದರೆ ಹುಟ್ಟಿನ ಕಾಗದವೇ ಇಲ್ಲದ ಮಗುವಿಗೆ ವೀಸಾ ಎಲ್ಲಿಂದ? ಕಾಗದ ಇಲ್ಲವೆಂದಲ್ಲ, ಇದ್ದದ್ದು ಕಪ್ಪು ಬಾವುಟದವರ ಕಚೇರಿ ಕೊಟ್ಟದ್ದು. ಅವರ ಸೀಲು ಇರುವ ಕಾಗದ ತೋರಿಸಿದರೆ ಜಗತ್ತಿನ ಯಾವ ಕೌಂಟರಿನವನೂ ಬೆಚ್ಚಿಬೀಳುತ್ತಾನೆ. ಅದಕ್ಕೆ ಉಸ್ತಾದ್ ಆ ಕಾಗದದ ಸುದ್ದಿಯನ್ನೇ ನನಗೆ ಹೇಳದೆ, ಅದನ್ನು ಬಿಟ್ಟು ಬೇರೆ ದಾಖಲೆ ಒಟ್ಟುಮಾಡಿದರು. ಮಗಳ ಮದುವೆಯ ಪುಸ್ತಕ, ಸೂಲಗಿತ್ತಿಯ ಹೇಳಿಕೆ, ಶಿಬಿರದ ಚೀಟಿ. ಎಂಟು ತಿಂಗಳು ಬೇಕಾಯಿತು ಅದಕ್ಕೆ. ಫೈಲು ಜೋಡಿಸಲು ನನ್ನ ಕೈಗೆ ಕೊಟ್ಟು, ಮಧ್ಯಾಹ್ನದ ನಮಾಜಿಗೆ ಹೋದರು.

ಈಗ ನನ್ನ ಬುದ್ಧಿ ನೋಡಿ. ನಾವು ಊರಿನ ಸರ್ಕಾರಿ ಕಚೇರಿಗಳಲ್ಲಿ ಪಳಗಿದ ಜನ. ರೇಷನ್ ಕಾರ್ಡಿಗೆ ಹೋದರೆ ಮದುವೆ ಕಾಗದ ಕೇಳುತ್ತಾರೆ, ಮದುವೆ ಕಾಗದಕ್ಕೆ ಹೋದರೆ ಕರೆಂಟ್ ಬಿಲ್ಲು ಕೇಳುತ್ತಾರೆ. ಅದಕ್ಕೆ ಕೇಳಿದ್ದು ನಾಲ್ಕಾದರೆ ನಾವು ಎಂಟು ಲಗತ್ತಿಸುತ್ತೇವೆ. ಇರಲಿ ಒಂದು ಕಾಪಿ, ಕಡಿಮೆಯಾದರೆ ಕಷ್ಟ, ಹೆಚ್ಚಾದರೆ ಎಂತದ್ದು? ಸ್ಟೇಪಲ್ ಪಿನ್ನಿಗೆಂದು ಉಸ್ತಾದರ ಡ್ರಾಯರ್ ಎಳೆದೆ. ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾಗದ. ಮಗುವಿನ ಹೆಸರಿನ ಅಂಕುಡೊಂಕು ಅರ್ಜಿಗಳಲ್ಲಿ ನೋಡಿ ನೋಡಿ ನನಗೆ ಪರಿಚಯವಾಗಿತ್ತು. ಅಯ್ಯೋ ಪಾಪ, ಮುದುಕ ಮುಖ್ಯವಾದದ್ದನ್ನೇ ಇಡಲು ಮರೆತಿದ್ದಾರೆ ಎಂದುಕೊಂಡೆ. ಅಡಿಯ ಗುಂಡಗಿನ ಸೀಲು ಜೆರಾಕ್ಸಿನಲ್ಲಿ ಬರೀ ಮಸಿಮುದ್ದೆಯಾಗಿ ಬಂತು. ಮೂರು ಕಾಪಿ ತೆಗೆದು ಒಂದನ್ನು ಎಲ್ಲಕ್ಕಿಂತ ಮೇಲೆ ಪಿನ್ ಹೊಡೆದು, ವೀಸಾ ಕಚೇರಿಯ ಕೌಂಟರಿಗೆ ಕೊಟ್ಟು ಬಂದೆ. ಸಂಜೆ ಉಸ್ತಾದರಿಗೆ ಹೇಳಲೂ ಇಲ್ಲ. ಕೆಲಸ ಆದ ಮೇಲೆ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದಿತ್ತು.

ನಾಲ್ಕನೆಯ ದಿನ ಅವರನ್ನು ಒಂದು ಕಚೇರಿಗೆ ಕರೆದರು. ಬೆಳಿಗ್ಗೆ ಹೋದವರು ಸಂಜೆ ಬಂದರು. ನೀನು ಯಾವ ಗುಂಪಿನವನು, ಅಳಿಯ ಯಾವ ಗುಂಪಿನವನು, ಕಪ್ಪು ಬಾವುಟದವರ ಕಚೇರಿಗೆ ಯಾಕೆ ಹೋದದ್ದು ಎಂದು ತಿರುಗಿಸಿ ತಿರುಗಿಸಿ ಕೇಳಿದ್ದರು. ಮೂಲ ಕಾಗದವನ್ನು ತರಿಸಿ ಅಲ್ಲೇ ಇಟ್ಟುಕೊಂಡಿದ್ದರು. ಅವರನ್ನು ಬೈಯಲೂ ನಾಲಗೆ ಬರುವುದಿಲ್ಲ, ಅವರದ್ದು ಅವರ ಕೆಲಸ. ಉಸ್ತಾದ್ ನನ್ನೆದುರು ನಿಂತು ಒಂದೇ ಮಾತು ಹೇಳಿದರು. "ಅವರಿಂದ ಓಡಿಬಂದೆ ನಾನು. ಅವರ ಸೀಲನ್ನು ನೀನು ನನ್ನ ಮೊಮ್ಮಗಳ ಹಣೆಗೆ ಹೊಡೆದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟೂ ಬಂತು, ನನ್ನ ಜಾಯಮಾನವೇ ಹಾಗೆ. "ಅಷ್ಟು ಅಪಾಯದ ಕಾಗದ ಸುಟ್ಟು ಹಾಕದೆ ಯಾಕೆ ಇಟ್ಟುಕೊಂಡ್ರಿ?" ಎಂದು ಕೂಗಿದೆ. ಅವರು ಡ್ರಾಯರ್ ಎಳೆದು ತಳ ನೋಡಿ ಮುಚ್ಚಿದರು. ಆಮೇಲೆ, "ಕೆಳಗೆ ತಾಯಿಯ ಸಹಿ ಇತ್ತು. ನನ್ನ ಮಗಳ ಕೈಬರಹ ಅಂತ ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ" ಎಂದರು. ಉಳಿದ ಎರಡು ಕಾಪಿಗಳು ಯಾರ ಕಣ್ಣಿಗೂ ಬೀಳಬಾರದೆಂದು ಅವರು ಸಹಿಯ ಮಾತು ಎತ್ತುವ ಮೊದಲೇ ನಾನು ಶ್ರೆಡರಿಗೆ ಕೊಟ್ಟಿದ್ದೆ. ಅವರೂ ತಡೆಯಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹನ್ನೊಂದು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಎರಡು ಮೇಜಿನ ನಡುವೆ ಕಾಗದ ಮಾತ್ರ ಓಡಾಡುತ್ತಿತ್ತು. ಮನೆಯಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮೆಸಯೀದಿನ ಪ್ಲಾಂಟಿನಿಂದ ಶಿಫ್ಟು ಮುಗಿಸಿ ಬಂದ ಗಂಡ, "ಕೆಲಸ ಬಿಟ್ಟುಬಿಡು ಮಾರಾಯ್ತಿ" ಎಂದರು. ಬಿಡುವುದಾ? ಕೆಡಿಸಿದವಳು ನಾನು, ಬಿಟ್ಟು ಓಡಿದರೆ ಆಯಿತಾ?

ಹನ್ನೆರಡನೆಯ ದಿನ ನಮ್ಮ ಕರಾವಳಿಯ ಒಬ್ಬ ದೊಡ್ಡ ಕುಳ ತಮ್ಮ ಕಂಪನಿಯ ಕೆಲಸಕ್ಕೆ ಬಂದರು. ಉಸ್ತಾದರನ್ನು ನೋಡಿ, ಯಾವ ಊರು ಎಂದು ನನ್ನನ್ನು ಕೇಳಿ, ಗೊತ್ತಾದ ಮೇಲೆ ಕನ್ನಡದಲ್ಲಿ ಸಲೀಸಾಗಿ ಹೇಳಿದರು. "ಇವರದ್ದು ಮುಗೀಲಿಕ್ಕೆ ಉಂಟಾ? ಅವರವರೇ ಹೊಡ್ಕೊಂಡು ಸಾಯ್ತಾರೆ. ಹುಟ್ಟುಗುಣ ಮಾರಾಯ್ತಿ."

"ಹೌದಾ? ಹಾಗಾದ್ರೆ ಗನ್ನು ಅವರ ಗದ್ದೆಯಲ್ಲಿ ಬೆಳೀತದಾ ಸಾಹುಕಾರ್ರೇ?" ಎಂದು ಕೇಳಿದೆ. "ವಿಮಾನ ಅವರ ಹಟ್ಟಿಯಲ್ಲಿ ಕರು ಹಾಕ್ತದಾ? ಒಬ್ಬ ಈ ಕಡೆಯವನಿಗೆ ಕೊಡ್ತಾನೆ, ಇನ್ನೊಬ್ಬ ಆ ಕಡೆಯವನಿಗೆ ಕೊಡ್ತಾನೆ, ಮೂರನೆಯವನು ಶಾಂತಿ ಮಾಡಿಸ್ಲಿಕ್ಕೆ ಅಂತ ಬಾಂಬು ಹಾಕ್ತಾನೆ. ಔಷಧ ಮಾರ್ತಾ ಇದ್ದವನು ಸತ್ತ. ಅವನದ್ದು ಎಂತ ಹುಟ್ಟುಗುಣ?" ಕುಳದ ಮುಖ ಕೆಂಪೇರಿತು. ನಮ್ಮ ಮ್ಯಾನೇಜರಿಗೆ ದೂರು ಹೇಳುತ್ತೇನೆಂದು ಎದ್ದು ಹೋದರು. ಹೇಳಿದರು ಕೂಡ, ನನಗೆ ಒಂದು ಮೆಮೋ ಸಿಕ್ಕಿತು.

ಉಸ್ತಾದ್ ಹನ್ನೊಂದು ದಿನದ ಮೇಲೆ ಬಾಯಿ ತೆರೆದರು. ಏನೆಂದೆ ಅವನಿಗೆ ಎಂದು ಕೇಳಿದರು. ನನಗೆ ತಿಳಿದ ಅರೇಬಿಕ್‌ನಲ್ಲಿ ಹಟ್ಟಿ, ಕರು, ವಿಮಾನ ಎಲ್ಲ ಕೈಸನ್ನೆ ಮಾಡಿ ತಿಳಿಸಿದೆ. ಮೊದಲು ತುಟಿ ಅಲುಗಿತು, ಆಮೇಲೆ ಆ ಮನುಷ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮರು ಭಾನುವಾರ, ಇಲ್ಲಿ ವಾರ ಶುರುವಾಗುವುದು ಭಾನುವಾರವೇ, ಅವರು ಬೆಳಿಗ್ಗೆ ಕೂತು ಹೊಸ ಅರ್ಜಿ ಟೈಪು ಮಾಡಿದರು. ಇಂಗ್ಲಿಷ್ ಭಾಗ ನಾನು ಮಾಡಿದೆ. ಪರಿಶೀಲನೆಯಲ್ಲಿದೆ ಎಂದು ಹಿಂದಕ್ಕೆ ಬಂತು. ಮುಂದಿನ ಭಾನುವಾರ ಇನ್ನೊಂದು. ಅದೂ ಬಂತು. ಪ್ರತಿ ಸಲ ಕೌಂಟರಿನವನು ಒಂದು ಸ್ವೀಕೃತಿ ಚೀಟಿಗೆ ತಾರೀಕಿನ ಸೀಲು ಹೊಡೆದು ಕೊಡುತ್ತಿದ್ದ, ಉಸ್ತಾದ್ ಅದನ್ನು ಜೋಪಾನವಾಗಿ ಫೈಲಿಗೆ ಸೇರಿಸುತ್ತಿದ್ದರು. ಹದಿನೈದಾಯಿತು, ಇಪ್ಪತ್ತಾಯಿತು. ಕಂಪನಿಗಳ ಕೆಲಸಕ್ಕೆ ಬರುತ್ತಿದ್ದ ಮಲಯಾಳಿಗಳು, "ಉಸ್ತಾದ್, ಖಲಾಸ್, ಬಿಟ್ಟುಬಿಡಿ" ಎಂದು ಕನಿಕರದಿಂದಲೇ ಹೇಳುತ್ತಿದ್ದರು. "ಖಲಾಸ್ ಅಂತ ಹೇಳಬೇಕಾದವನು ನಾನು. ನಾನು ಹೇಳಿಲ್ಲ" ಎನ್ನುತ್ತಿದ್ದರು ಅವರು. ಒಂದು ಸಲ ನಾನೇ ಸೋತು, ಏನು ಪ್ರಯೋಜನ ಉಸ್ತಾದ್ ಎಂದೆ. ನನ್ನತ್ತ ತಿರುಗಿಯೂ ನೋಡದೆ, "ಟೈಪ್, ಸಿಸ್ಟರ್. ಯಲ್ಲಾ, ನಡೀಲಿ" ಎಂದರು.

ಮೂವತ್ತು ದಾಟಿದ ಮೇಲೆ ಸೂಲಗಿತ್ತಿಯ ವಾಯ್ಸ್ ಮೆಸೇಜ್ ಬಂತು. ಶಿಬಿರದಲ್ಲಿ ಹೊಸ ಲೆಕ್ಕಾಚಾರ ಶುರುವಾಗಿದೆ. ಕಪ್ಪು ಬಾವುಟದವರ ಕಾಲದಲ್ಲಿ ಹುಟ್ಟಿ, ಕೇಳುವವರು ಯಾರೂ ಇಲ್ಲದ ಮಕ್ಕಳನ್ನು ಬೇಲಿ ಹಾಕಿದ ಬೇರೆ ಭಾಗಕ್ಕೆ ಸಾಗಿಸುತ್ತಾರೆ. ಅಲ್ಲಿಗೆ ಹೋದವರು ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. ತಾನು ರಕ್ತಸಂಬಂಧಿಯಲ್ಲ, ತನ್ನ ಮಾತು ನಡೆಯುವುದಿಲ್ಲ ಎಂದು ಅತ್ತಿದ್ದಳು ಹೆಂಗಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ ನಮ್ಮಲ್ಲಿ. ನಾಲ್ಕು ವರ್ಷದ ಕೂಸು ಯಾವ ಬಾವುಟ ಹಿಡಿದಿತ್ತು ಸ್ವಾಮಿ!

ಉಸ್ತಾದ್ ಅವತ್ತೇ ರಾಜೀನಾಮೆ ಟೈಪು ಮಾಡಿದರು. ಮಗುವಿದ್ದ ಶಿಬಿರಕ್ಕೆ ಹೋದರೆ ಇಲ್ಲಿಯ ವೀಸಾ ಹೋಗುತ್ತದೆ, ಮತ್ತೆ ಬರುವ ದಾರಿಯಿಲ್ಲ. ಅಲ್ಲಿ ಹಿಡಿದು ಒಳಗೆ ಹಾಕಿದರೂ ಹಾಕಿಯಾರು. ಮ್ಯಾನೇಜರು, ನಾನು, ಎಲ್ಲರೂ ಬೇಡವೆಂದೆವು. ಅವರು ಸ್ವೀಕೃತಿ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟರು. "ಕೇಳುವವರು ಇಲ್ಲದ ಮಗು ಅಂತಾರಲ್ಲ? ಇದು ನೋಡಿ. ಮೂವತ್ತೊಂದು ಸಲ ಕೇಳಿದ್ದೇನೆ, ತಾರೀಕು ಸಮೇತ. ಇದನ್ನು ಅಲ್ಲಿಯ ನ್ಯಾಯಾಧೀಶನ ಮುಖದೆದುರು ಇಡುತ್ತೇನೆ." ಇಷ್ಟು ದಿನ ನಾನು ಸೋಲು ಎಂದುಕೊಂಡು ಟೈಪು ಮಾಡಿದ್ದೆನಲ್ಲ...

ಕೊನೆಗೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ನನ್ನೆದುರು ಇಟ್ಟರು. ಈ ಮನುಷ್ಯ ಮೂವತ್ತೊಂದು ವಾರ ಬಿಡದೆ ತನ್ನ ಮೊಮ್ಮಗಳಿಗಾಗಿ ಅರ್ಜಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬ ಸಾಕ್ಷಿ. ನಾನು ಕನ್ನಡದಲ್ಲಿ ಸಹಿ ಹಾಕಿದೆ. ಅವರು ಕನ್ನಡಕ ಸರಿಮಾಡಿಕೊಂಡು ಅದನ್ನು ದಿಟ್ಟಿಸಿದರು. "ಈ ಅಕ್ಷರದ ಊರಲ್ಲಿ ನದಿ ಯಾವುದು?" ಎಂದು ಕೇಳಿದರು, ಮೇಷ್ಟ್ರಲ್ಲವೇ. ನೇತ್ರಾವತಿ ಎಂದೆ. ಎರಡು ಸಲ ಹೇಳಿ ನೋಡಿ ಬಾಯಿಪಾಠ ಮಾಡಿಕೊಂಡು ಹೊರಟರು.

ಎರಡು ತಿಂಗಳ ಮೇಲೆ ಒಂದು ಫೋಟೋ ಬಂತು. ಅಲ್ಲಿಯ ನ್ಯಾಯಾಲಯ ಕೊಟ್ಟ, ಹಸಿರು ಸೀಲಿನ ಹೊಸ ಹುಟ್ಟಿನ ಕಾಗದ. ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಊರು, ದೇಶ. ನಾನು ಸೆಂಟರಿನಲ್ಲಿ ಎಲ್ಲರೆದುರು ಕುರ್ಚಿಯಿಂದ ಹಾರಿದೆ. ಹುಡುಗಿ ಬೇಲಿಯೊಳಗೆ ಹೋಗಲಿಲ್ಲ. ಉಸ್ತಾದ್ ಅಲ್ಲೇ ಉಳಿದರು, ಟೆಂಟಿನ ಶಾಲೆಯಲ್ಲಿ ಮತ್ತೆ ಭೂಗೋಳ ಶುರು ಮಾಡಿದರು. ಆಗಾಗ ಒಂದು ವಾಯ್ಸ್ ಮೆಸೇಜ್, ಹಿಂದೆ ಮಕ್ಕಳ ಗಲಾಟೆ. ನೇತ್ರಾವತಿಯನ್ನೂ ಕಲಿಸಿದ್ದಾರಂತೆ, ನಕಾಶೆಯಲ್ಲಿ ಹುಡುಕಿ.

ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂತು. ಹತ್ತಿರದ ಆಸ್ಪತ್ರೆಯನ್ನು ಯಾವುದೋ ವಿಮಾನ ಯಾವತ್ತೋ ಉರುಳಿಸಿತ್ತು. ಮುಂದಿನ ಊರಿಗೆ ಹೋಗುವ ದಾರಿಯಲ್ಲಿ ಎರಡು ಬಣಗಳ ಎರಡು ಚೆಕ್‌ಪೋಸ್ಟು... ತಲುಪಲಿಲ್ಲ. ಸೂಲಗಿತ್ತಿ ಹೇಳಿದಾಗ ನಾನು ಅರ್ಜಿ ಟೈಪು ಮಾಡುತ್ತಿದ್ದೆ. ಅವರನ್ನು ಕೊಂದದ್ದು ಎದೆನೋವು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ವೈಟ್ನರ್ ವಾಸನೆ ಬಂದ ಆ ದಿನ ನಾನು ಅಷ್ಟು ರೇಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದಕ್ಕೆ ಎರಡು ದಿನ ಮೊದಲು ಸೂಲಗಿತ್ತಿಯ ಫೋನಿನಿಂದ ಒಂದು ಹೊಸ ದನಿ ಬಂದಿತ್ತು. ಈಗ ಹತ್ತು ವರ್ಷದ ಹುಡುಗಿ. ನಿಧಾನವಾಗಿ, ಅಜ್ಜನ ಹಾಗೆಯೇ ಬಿಡಿಸಿ ಬಿಡಿಸಿ ಮಾತಾಡುತ್ತಾಳೆ. "ಖಾಲಾ, ನನ್ನ ಹಳೆಯ ಕಾಗದ ನಿಮ್ಮ ಊರಿನ ಆಫೀಸಿನಲ್ಲಿ ಉಂಟಂತೆ. ಅಜ್ಜ ಹೇಳಿದ್ದರು. ನನಗೆ ಆ ಕಾಗದ ಬೇಡ. ಕೆಳಗೆ ಅಮ್ಮನ ಸಹಿ ಉಂಟಲ್ಲ, ಅಷ್ಟು ಮಾತ್ರ ಕತ್ತರಿಸಿ ಕೊಡ್ತಾರಾ ಕೇಳಿ." ಖಾಲಾ ಎಂದರೆ ಚಿಕ್ಕಮ್ಮ. ಆ ಕಾಗದ ಅಲ್ಲಿಗೆ ಹೇಗೆ ಹೋಯಿತೆಂದು ಅಜ್ಜ ಅವಳಿಗೆ ಹೇಳಿರಲಿಲ್ಲ. ನಾನು ಹೇಳಿದೆ. ನನ್ನಿಂದಲೇ ಹೋಯಿತು ಮಗಾ ಎಂದೆ.

ಆಗಿನಿಂದ ನಾಲ್ಕು ಸಲ ಆ ಕಚೇರಿಗೆ ಹೋದೆ. ಮೊದಲ ಸಲ ಹಳೆಯ ಫೈಲು ಮಾಫಿ, ಇಲ್ಲ ಎಂದರು. ಎರಡನೆಯ ಸಲ ಇದ್ದರೂ ಕೊಡುವುದಿಲ್ಲ ಎಂದರು. ನಿನ್ನೆ ಕೌಂಟರಿನಲ್ಲಿದ್ದ ಅಧಿಕಾರಿ, ನನ್ನ ಮುಖ ಕಂಡು ಸಾಕಾದವನು, ಆ ಹುಡುಗಿ ನಿನಗೆ ಏನಾಗಬೇಕು ಎಂದು ಕೇಳಿದ. ನನಗೆ ಅವಳು ಏನೂ ಆಗಬೇಕಿಲ್ಲ. ಹಾಗೆಯೇ ಹೇಳಿದೆ. "ಮತ್ತೆ ಯಾಕೆ ಬರ್ತಿ?" ಎಂದ. "ಅವಳು ತಾಯಿಯ ಸಹಿ ಒಂದು ಸಲವೂ ನೋಡಿಲ್ಲ. ನೀವು ನೋಡಿದ್ದೀರಿ, ನಾನು ನೋಡಿದ್ದೇನೆ" ಎಂದೆ. ಅವನು ಪಕ್ಕದ ಕುರ್ಚಿ ತೋರಿಸಿ ಒಳಗೆ ಹೋದ. ಕಚೇರಿ ಮುಚ್ಚುವವರೆಗೂ ಹೊರಗೆ ಬರಲಿಲ್ಲ.

ನಾಳೆ ಮತ್ತೆ ಹೋಗುತ್ತೇನೆ.